ಸೆಲ್ಫ್ ಮೋಟರ್ ಬದಲಿಸುವ ಮೊದಲು ಒನ್‌ವೇ ಕ್ಲಚ್ ನೋಡಿ

ಸಂಪಾದಕರೇ,

ನಮ್ಮ ಗಂಗಾವತಿ, ಕಾರಟಗಿ ಕಡೆ ಬೈಕಿನ ಸೆಲ್ಫ್ ಕೈಕೊಟ್ಟರೆ ಸಾಕು, 'ಮೋಟರ್ ಹೋಗಿದೆ, ಹೊಸದು ಹಾಕಿಸಿ' ಅನ್ನುವ ಮಾತು ಜಾಸ್ತಿಯಾಗಿದೆ. ರೈತರು ಸಾಲ ಮಾಡಿ ಮೋಟರ್ ಹಾಕಿಸಿ, ಆಮೇಲೂ ಗಾಡಿ ತಳ್ಳಿಕೊಂಡೇ ಸ್ಟಾರ್ಟ್ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗಿನ ಎಷ್ಟೋ ಬೈಕುಗಳಿಗೆ ಕಿಕ್ಕರೇ ಇಲ್ಲ ಅಲ್ವಾ, ಕಾಲುವೆ ದಂಡೆ ಮೇಲೆ ಗೊಬ್ಬರದ ಚೀಲ ಹೇರಿಕೊಂಡು ನಿಂತವರು ಏನು ಮಾಡಬೇಕು?

ಸುಮ್ನೆ ಸದ್ದು ಕೇಳಿಸಿಕೊಳ್ಳಿ. ಬರೀ 'ಟಕ್' ಅಂದರೆ ಮೊದಲು ಬ್ಯಾಟರಿ, ರಿಲೇ (ಬ್ಯಾಟರಿ ಕರೆಂಟನ್ನು ಮೋಟರಿಗೆ ಬಿಡುವ ಸ್ವಿಚ್ಚು), ಮೋಟರ್ ನೋಡಬೇಕು. ಮೋಟರ್ ಗುಯ್ಯ್ ಅಂತ ಜೋರಾಗಿ ತಿರುಗುತ್ತಿದೆ, ಇಂಜಿನ್ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಮೋಟರ್ ಚೆನ್ನಾಗಿಯೇ ಇದೆ, ಜಾರುತ್ತಿರುವುದು ಹೆಚ್ಚಾಗಿ ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುವ, ಒಳಗೆ ಅಯಸ್ಕಾಂತವಿರುವ ಚಕ್ರ) ಹಿಂದಿನ ಒನ್‌ವೇ ಕ್ಲಚ್, ಅಂದರೆ ಮೋಟರಿನ ತಿರುಗನ್ನು ಒಂದೇ ದಿಕ್ಕಿನಲ್ಲಿ ಇಂಜಿನ್ನಿಗೆ ದಾಟಿಸುವ ಭಾಗ. ಹಲವು ಬೈಕುಗಳಲ್ಲಿ ಅದರೊಳಗೆ ಮೂರು ರೋಲರ್, ಮೂರು ಸಣ್ಣ ಸ್ಪ್ರಿಂಗ್ ಇರುತ್ತವೆ. ಸೆಲ್ಫ್ ಒತ್ತಿದಾಗ ರೋಲರ್‌ಗಳು ಇಕ್ಕಟ್ಟಿಗೆ ಸರಿದು ಮೋಟರ್ ತಿರುಗಿಸುವ ಗೇರಿನ ಕೊರಳನ್ನು ಕಚ್ಚಿ ಹಿಡಿಯುತ್ತವೆ, ಇಂಜಿನ್ ಸ್ಟಾರ್ಟ್ ಆದ ಕೂಡಲೇ ಬಿಡುತ್ತವೆ. ರೋಲರ್ ಸವೆದರೆ, ಸ್ಪ್ರಿಂಗ್ ಸೋತರೆ, ಆಯಿಲ್ ಬದಲಿಸದೆ ಗಸಿ ಕಟ್ಟಿದರೆ ಹಿಡಿತ ತಪ್ಪುತ್ತದೆ.

ಮೆಕ್ಯಾನಿಕ್ ಅಣ್ಣಂದಿರೇ, ದಯವಿಟ್ಟು ಮ್ಯಾಗ್ನೆಟ್ ಬಿಚ್ಚಲು ಪುಲ್ಲರ್ (ಎಳೆದು ಬಿಚ್ಚುವ ಸಾಧನ) ಬಳಸಿ. ಸುತ್ತಿಗೆ ಬೇಡವೇ ಬೇಡ, ಒಳಗಿನ ಅಯಸ್ಕಾಂತ ಬಿರಿಯುತ್ತದೆ, ಕ್ರ್ಯಾಂಕಿನ ತುದಿ ಕೆಡುತ್ತದೆ. ಬರೀ ರೋಲರ್ ಹಾಕಿ ಮುಚ್ಚಬೇಡಿ, ಗೇರಿನ ಕೊರಳಿನ ಮೇಲೆ ಬೆರಳಾಡಿಸಿ ನೋಡಿ, ಅಲ್ಲಿ ಗೀರು ಬಿದ್ದಿದ್ದರೆ ಹೊಸ ರೋಲರೂ ಜಾರುತ್ತದೆ. ಕ್ಲಚ್ಚನ್ನು ಹಿಡಿದಿರುವ ಅಲೆನ್ ಬೋಲ್ಟ್‌ಗಳ ಎಣ್ಣೆ ಒರೆಸಿ, ಲಾಕ್‌ಟೈಟ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ, ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಆ ಬೋಲ್ಟ್ ಸಡಿಲಾದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಗಾಡಿ ಇಟ್ಟವರಿಗೂ ಹೇಳಬೇಕು. ಈ ಕ್ಲಚ್ಚನ್ನು ಬೇಗ ಕೆಡಿಸುವುದರಲ್ಲಿ ಸೋತ ಬ್ಯಾಟರಿಯದು ದೊಡ್ಡ ಪಾಲು. ಮೋಟರಿಗೆ ಪಿಸ್ಟನ್ ದಾಟಿಸುವಷ್ಟು ಬಲ ಇರುವುದಿಲ್ಲ, ಇಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಏಟೆಲ್ಲ ರೋಲರ್ ಮೇಲೆ. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.5 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಒತ್ತಿದಾಗ 10ಕ್ಕಿಂತ ತೀರಾ ಕೆಳಗಿಳಿದರೆ ಚಾರ್ಜ್ ಮಾಡಿಸಿ, ಚಾರ್ಜ್ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಇಂಜಿನ್ ಪೂರ್ತಿ ನಿಲ್ಲುವ ಮೊದಲೇ ಮತ್ತೆ ಬಟನ್ ಒತ್ತಬೇಡಿ.

ನಮ್ಮ ಕೊಪ್ಪಳ ಜಿಲ್ಲೆಯ ಐಟಿಐಗಳು ಊರೂರಿನ ಸಣ್ಣ ಗ್ಯಾರೇಜಿನವರನ್ನು ರಜಾ ದಿನ ಕರೆದು, ಒಂದು ಹಳೆ ಇಂಜಿನ್ ಬಿಚ್ಚಿ ಇದನ್ನು ಕೈಯಾರೆ ಮಾಡಿಸಲಿ. ಪುಲ್ಲರ್ ಕೊಳ್ಳಲಾಗದವರಿಗೆ ಎರವಲು ಕೊಟ್ಟರೂ ಸಾಕು.

— ಒಬ್ಬ ಓದುಗ, ಕಾರಟಗಿ