ಎರಿ ಮಣ್ಣು ಸಣ್ಣದಾಗಲಿಲ್ಲ, ದೋಸ್ತ

ಪ್ರೀತಿಯ ದೋಸ್ತ,

ಹೋದ ವಾರ ಫೋನಿನಲ್ಲಿ "ನಿನ್ನ ಆಟದ ರೈಲು ಎಲ್ಲಿಗೆ ಬಂತು?" ಎಂದು ಕೇಳಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ. ನಮ್ಮ ಕಡೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ರೈಲು ಎಲ್ಲಿಗೂ ಬಂದಿಲ್ಲ. ಅದು ಓಡಾಡಲು ನಾನು ಕಟ್ಟುತ್ತಿರುವ ಪುಟ್ಟ ಮಾದರಿ ಊರು ಮಾತ್ರ ಮುಕ್ಕಾಲು ಆಗಿದೆ.

ಧಾರವಾಡದ ಮನೆಯ ಮಾಳಿಗೆ ಕೋಣೆಯಲ್ಲಿ 6 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಹಲಗೆ. ರೈಲು ಸುತ್ತು ಹಾಕಲು ಈ ಅಗಲ ಸಾಲದು. ಹೋಗಿ ಬರುವ ನೇರ ಹಳಿ ಅಷ್ಟೇ. ಎಚ್‌ಒ ಸ್ಕೇಲ್, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹುಬ್ಬಳ್ಳಿ ಸ್ಟೇಷನ್ನೇ ಮಾಡು ಅಂತ ನೀನು ಹಠ ಹಿಡಿದಿದ್ದೆ. ಲೆಕ್ಕ ಹಾಕಿದೆ. ಅಲ್ಲಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಈ ಅಳತೆಗೆ ಇಳಿಸಿದರೂ 17 ಮೀಟರ್ ದಾಟುತ್ತದೆ. ಗೋಡೆ ಒಡೆದು ಪಕ್ಕದ ಮನೆಯವರ ದೇವರ ಕೋಣೆಗೆ ನುಗ್ಗಬೇಕು. ಹಾಗಾಗಿ ಗದಗ ಲೈನಿನ ಒಂದು ಸಣ್ಣ ಸ್ಟೇಷನ್ ಹಿಡಿದೆ. ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ, ಇವ್ಯಾವೂ ಅಲ್ಲ, ಎಲ್ಲದರ ಚೂರುಪಾರು. ಪ್ಲಾಟ್‌ಫಾರ್ಮ್ 90 ಸೆಂ.ಮೀ. ಮೂರು ಬೋಗಿ ನಿಂತರೆ ಎಂಜಿನ್ನಿನ ಮೂತಿ ಹೊರಗೆ. ಇನ್ನೊಂದು ಮಾತು. ಕೊಂಡು ತಂದ ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್ ಗೇಜಿಗೆ 19 ಬೇಕಿತ್ತು. ನೋಡಲು ಬರುವಾಗ ಸ್ಕೇಲ್ ಪಟ್ಟಿ ತರಬೇಡ.

ಈಗ ಮಣ್ಣಿನ ಕಥೆ. ಬಣ್ಣ ಯಾಕೆ, ನಿಜವಾದ ಎರಿ ಮಣ್ಣೇ, ಅಂದರೆ ನಮ್ಮ ಹೊಲದ ಕಪ್ಪು ಮಣ್ಣೇ ಹಾಕೋಣ ಅಂತ ಅಣ್ಣಿಗೇರಿ ಹೊಲದಿಂದ ಒಂದು ಡಬ್ಬಿ ತುಂಬಿಕೊಂಡು ಬಂದೆ. ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಫೆವಿಕಾಲ್ ನೀರಿನಲ್ಲಿ ಕಲಸಿ, ಬೆರಳು ದಪ್ಪ ಬಳಿದೆ. ಸಂಜೆ ನೋಡಿದರೆ ಥೇಟ್ ನಮ್ಮ ಹೊಲ. ಖುಷಿಯಲ್ಲಿ ನಿನಗೆ ಫೋಟೋನೂ ಕಳಿಸಿದ್ದೆ.

ಮೂರನೇ ದಿನ ಬಿರುಕು. ಎಂಥ ಬಿರುಕು ಅಂತೀ, ಪೆನ್ಸಿಲ್ ತುದಿ ಆರಾಮಾಗಿ ಇಳಿಯುವಂಥದು. ಮಣ್ಣು ಕುಗ್ಗುತ್ತಾ ಹಲಗೆ ಬಿಟ್ಟು ಮೇಲೆದ್ದಿತ್ತು. ಅದರ ಜೊತೆ ಒಂದು ಗೇಣು ಹಳಿಯೂ ಎದ್ದಿತ್ತು. ಬಿರುಕಿನ ಅಗಲ ಅಳೆದೆ, 6 ಮಿ.ಮೀ. ನಮ್ಮ ಪುಟ್ಟ ಊರಿನವರಿಗೆ ಅದು ಅರ್ಧ ಮೀಟರಿಗಿಂತ ಜಾಸ್ತಿ. ಪ್ಲಾಟ್‌ಫಾರ್ಮಿನ ಮೇಲಿದ್ದ 2 ಸೆಂ.ಮೀ. ಎತ್ತರದ ಗೌಡರ ಗೊಂಬೆಯನ್ನು ತಂದು ಬಿರುಕಿನಲ್ಲಿ ಇಳಿಸಿದೆ, ಸುಮ್ನೆ. ಸೊಂಟದ ತನಕ ಹೋದರು.

ಬ್ಯಾಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿ ನೀನು ಬಿದ್ದಿದ್ದೆಯಲ್ಲ, ಅದೇ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಿಜದ ರೈಲ್ವೆಯವರೂ ಇಂಥ ನೆಲದಲ್ಲಿ ಹಳಿ ಹಾಕುವಾಗ ಕೆಳಗೆ ಬೇರೆ ಗಟ್ಟಿ ಪದರ ಹಾಸುತ್ತಾರೆ. ನಾನು ಅವರಿಗಿಂತ ಶಾಣ್ಯಾ ಅಂದುಕೊಂಡಿದ್ದೆ.

ಎಲ್ಲ ಕೆರೆದು ತೆಗೆದೆ. ಈ ಸಲ ಥರ್ಮಾಕೋಲ್, ಅದರ ಮೇಲೆ ಪೇಪರ್ ಪಟ್ಟಿ, ಮೇಲೆ ತೆಳ್ಳಗೆ ಪ್ಲಾಸ್ಟರ್. ಬಣ್ಣಕ್ಕೆ ಬರೀ ಕಪ್ಪು ಬಳಿದರೆ ಡಾಂಬರು ರಸ್ತೆ ಆಗುತ್ತದೆ. ಒಣಗಿದ ಎರಿ ಮಣ್ಣು ನಿಜವಾಗಿ ಬೂದಿ ಬಣ್ಣ, ಅಲ್ವಾ? ಕಪ್ಪಿಗೆ ಕಂದು, ಮೇಲೆ ಚೂರು ಬಿಳಿ ಸೇರಿಸಿದೆ. ಹಸಿ ಇರುವಾಗಲೇ ಅದೇ ಹೊಲದ ಮಣ್ಣನ್ನು ವಿಭೂತಿ ಉದುರಿಸಿದ ಹಾಗೆ ಉದುರಿಸಿದೆ. ಅದಕ್ಕೂ ಮೊದಲು ಮಣ್ಣಿನ ಮೇಲೆ ಅಯಸ್ಕಾಂತ ಆಡಿಸಿದೆ. ಕಬ್ಬಿಣದ ಕಣ ಎಂಜಿನ್ ಮೋಟಾರಿಗೆ ಹೋಗಿ ಅಂಟಿದರೆ ಮುಗೀತು. ಎರಡು ವಾರ ಆಯಿತು, ಒಂದು ಗೆರೆಯೂ ಬಿದ್ದಿಲ್ಲ.

ಹಳಿ ನಡುವಿನ ಜಲ್ಲಿಗೆ ಎಂ-ಸ್ಯಾಂಡ್ ಸೋಸಿದ್ದು. 50 ಮಿ.ಮೀ. ಕಲ್ಲು ನಮ್ಮಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. ಫೆವಿಕಾಲ್ ನೀರನ್ನು ಡ್ರಾಪರಿನಲ್ಲಿ ಬಿಟ್ಟರೆ ಹನಿ ಕಲ್ಲಿನೊಳಗೆ ಇಳಿಯಲೇ ಇಲ್ಲ. ಮುತ್ತಿನ ಹಾಗೆ ಉರುಳಿ, ಕಲ್ಲುಗಳನ್ನೂ ಮೈಗೆ ಅಂಟಿಸಿಕೊಂಡು ಹೋಯಿತು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಸೇರಿಸಿದೆ ನೋಡು, ಸರ್ರನೆ ಇಳಿಯಿತು.

ಬೇವಿನ ಮರದ ಕಾಂಡ ಹಳೇ ಮೋಟಾರಿನ ತಾಮ್ರದ ತಂತಿ ಹೊಸೆದದ್ದು. ಎಲೆಗೆ ಪಾತ್ರೆ ತಿಕ್ಕುವ ಸ್ಪಂಜನ್ನು ಮಿಕ್ಸಿಗೆ ಹಾಕಿದೆ. "ಶೇಂಗಾ ಚಟ್ನಿ ಮಾಡೂ ಜಾರ್‌ನ್ಯಾಗ ಸ್ಪಂಜ್ ರುಬ್ಬತೀಯಲ್ಲೋ" ಅಂತ ಅವ್ವ ಬೈದು, ಜಾರ್ ಅನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾಳೆ. ಹಾಗಾಗಿ ಮರ ಸದ್ಯ ಅರ್ಧ ಬೋಳು. ಶಿಶಿರ ಅಂದುಕೋ.

ಸ್ಟೇಷನ್ ಕಟ್ಟಡ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಯದು, ಹೆಂಚು ರಟ್ಟಿನ ಡಬ್ಬಿಯ ಸುಕ್ಕು ಹಾಳೆ. ಹಿಂದೆ ಗದಗಿನ ಗಾಳಿಯಂತ್ರ. 80 ಮೀಟರ್ ಕಂಬ ನಿಲ್ಲಿಸಿದರೆ ಸೂರಿಗೆ ತಾಗೀತು. ಕಸಬರಿಗೆ ಕಡ್ಡಿಯದನ್ನು 9 ಸೆಂ.ಮೀ.ಗೆ ಕತ್ತರಿಸಿ, ಮಾಸಲು ಬಿಳಿ ಬಳಿದು, ಗೋಡೆಗೆ ಒತ್ತಿ ಇಟ್ಟಿದ್ದೇನೆ. ದೂರದ ಗುಡ್ಡದ ಮೇಲಿದ್ದ ಹಾಗೆ ಕಾಣುತ್ತದೆ.

ಉಳಿದಿರುವುದು ಹಳದಿ ಬೋರ್ಡ್. ಅದು ಖಾಲಿ ನಿಂತಿದೆ. ಕೆಳಗೆ ಬರೆಯುವ ಸಮುದ್ರ ಮಟ್ಟದ ಎತ್ತರ ಸಿದ್ಧ ಇದೆ. ನೆಲದಿಂದ ಹಲಗೆ 75 ಸೆಂ.ಮೀ., 87ರಿಂದ ಗುಣಿಸಿ 65 ಮೀಟರ್ ಅಂತ ಬರೆದುಬಿಡುತ್ತೇನೆ. ಊರಿನ ಹೆಸರು ನೀನು ಕೊಡು. ಬೋರ್ಡ್ ಉದ್ದ 4 ಸೆಂ.ಮೀ., ಮೂರು ಭಾಷೆಯಲ್ಲಿ ಬರಬೇಕು. ನಾಲ್ಕು ಅಕ್ಷರ ದಾಟದಿರಲಿ. ನಿನ್ನ ಹೆಸರು ಮಾತ್ರ ಬ್ಯಾಡ.

ನಿನ್ನ ದೋಸ್ತ