ಬಯಾಪ್ಸಿ ಸ್ಯಾಂಪಲ್ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನರ್ಸಿಂಗ್ ಹೋಮ್‌ಗಳಿಂದ, ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ನಮ್ಮ ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಒ.ಟಿ. (ಆಪರೇಷನ್ ಥಿಯೇಟರ್) ಸಿಬ್ಬಂದಿ ದಯವಿಟ್ಟು ಪೂರ್ತಿ ಓದಿ.

ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು, ರೋಗಿಯ ದೇಹದಿಂದ ತುಂಡು ತೆಗೆದ ತಕ್ಷಣ ಅದು ಕೆಡದಂತೆ ಕಾಪಾಡುವ ಶೇ 10ರ ಫಾರ್ಮಲಿನ್‌ಗೆ ಹಾಕಿ. ಸಲೈನ್‌ನಲ್ಲಿ ಇಟ್ಟರೆ ಜೀವಕೋಶ ಹಾಳಾಗುತ್ತಾ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ. ಆಮೇಲೆ ಫಾರ್ಮಲಿನ್ ಸುರಿದರೂ ಅದು ಸರಿಯಾಗುವುದಿಲ್ಲ. ತುಂಡಿನ 10 ಪಟ್ಟಾದರೂ ದ್ರವ ಇರಲಿ. ಗರ್ಭಕೋಶವನ್ನು ಸಣ್ಣ ಬಾಯಿಯ ಬಾಟಲಿಗೆ ತುರುಕಬೇಡಿ. ಗಟ್ಟಿಯಾದ ಮೇಲೆ ಹೊರಗೆ ತೆಗೆಯಲು ಆಗುವುದಿಲ್ಲ, ಆಕಾರವೂ ಕೆಡುತ್ತದೆ. ಸ್ತನದ ಗಡ್ಡೆಯಾದರೆ ಒಂದು ಗಂಟೆಯೊಳಗೆ ಹಾಕಿ, ಹಾಕಿದ ಸಮಯ ಬರೆಯಿರಿ. ಇ.ಆರ್., ಪಿ.ಆರ್., ಹರ್-2 ಪರೀಕ್ಷೆಗೆ (ಸ್ತನ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಎಂದು ನಿರ್ಧರಿಸಲು ಮಾಡುವ ಪರೀಕ್ಷೆಗಳು) ಆ ತುಂಡು 6ರಿಂದ 72 ಗಂಟೆ ಫಾರ್ಮಲಿನ್‌ನಲ್ಲಿರಬೇಕು.

ಟಿಬಿ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕೊಡುವ ತುಂಡಿಗೆ ಮಾತ್ರ ಫಾರ್ಮಲಿನ್ ಬೇಡ, ರೋಗಾಣು ಸಾಯುತ್ತದೆ. ಅದನ್ನು ಬೇರೆ ಸ್ಟೆರೈಲ್ ಡಬ್ಬಿಯಲ್ಲಿ ಸಲೈನ್ ಹಾಕಿ ಕಳಿಸಿ.

ಲೇಬಲ್ ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾದರೆ ಒಬ್ಬರ ಕ್ಯಾನ್ಸರ್ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ ಅಲ್ವಾ? ಫಾರಂನಲ್ಲಿ ಹೆಸರು, ವಯಸ್ಸು, ಐ.ಪಿ. (ಒಳರೋಗಿ) ನಂಬರ್ ಜೊತೆ ಯಾವ ಜಾಗದ, ಯಾವ ಬದಿಯ ತುಂಡು, ಡಾಕ್ಟರ ಅನುಮಾನ ಏನು ಎಂಬುದೂ ಇರಲಿ. ಸುಮ್ನೆ 'ಗಡ್ಡೆ' ಎಂದು ಬರೆದರೆ ಸಾಲದು.