ಬೈಲಕುಪ್ಪೆಯ ಹೊಲಕ್ಕೂ ಎಫ್‌ಐಡಿ ಸಿಗಲಿ

ಮಾನ್ಯರೇ,

ಬೈಲಕುಪ್ಪೆ ಎಂದರೆ ಗೋಲ್ಡನ್ ಟೆಂಪಲ್, ಲೋಸರ್ ಹಬ್ಬ, ಮೋಮೋ ಅಂಗಡಿ. ಅಲ್ಲಿ ಹೊಲವೂ ಇದೆ ಎಂಬುದು ಪಿರಿಯಾಪಟ್ಟಣ ತಾಲ್ಲೂಕು ದಾಟಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿಯನ್ ನಿರಾಶ್ರಿತರಿಗೆ ಸುಮಾರು 3,000 ಎಕರೆ ಗುತ್ತಿಗೆ ಕೊಟ್ಟಿತು. ಅವರು ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಆ ಕಾಲಕ್ಕೆ ಅದು ಒಳ್ಳೆಯ ಪುನರ್ವಸತಿಯೇ. ಆದರೆ ಜಮೀನು ಕೊಟ್ಟಲ್ಲಿಗೆ ಸರ್ಕಾರದ ಕೆಲಸ ಮುಗಿಯಿತು ಎಂಬಂತಾಗಿದೆ.

ಇಂದು ಆ ಮನೆಗಳ ಹುಡುಗರು ಬೆಂಗಳೂರು, ವಿದೇಶ ಎಂದು ಹೊರಟಿದ್ದಾರೆ. ಚಳಿಗಾಲ ಬಂತೆಂದರೆ ಉಳಿದವರಲ್ಲೂ ಹಲವರು ಸ್ವೆಟರ್ ವ್ಯಾಪಾರಕ್ಕೆ ಊರೂರು ಸುತ್ತುತ್ತಾರೆ. ಹೊಲ ನೋಡಲು ವಯಸ್ಸಾದವರೇ ಗತಿ. ಹೀಗಾಗಿ ಎಷ್ಟೋ ಹೊಲಗಳನ್ನು ಸುತ್ತಲಿನ ನಮ್ಮ ಹಳ್ಳಿಗಳವರೇ ಬಾಯಿಮಾತಿನ ಮೇಲೆ ಉಳುತ್ತಾರೆ. ತೊಡಕು ಶುರುವಾಗುವುದು ಮುಂಗಾರಿನಲ್ಲಿ, ರೈತ ಸಂಪರ್ಕ ಕೇಂದ್ರದ ಕಿಟಕಿಯ ಮುಂದೆ. ಅಲ್ಲಿ ಮೊದಲ ಪ್ರಶ್ನೆಯೇ 'ಎಫ್‌ಐಡಿ ಎಲ್ಲಿ?' ಅದು ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ, ಪಹಣಿಯ ಹೆಸರಿಗೆ ಜೋಡಣೆಯಾದದ್ದು. ಉಳುವವನ ಹೆಸರು ಪಹಣಿಯಲ್ಲಿಲ್ಲ, ಗುತ್ತಿಗೆ ಜಮೀನಾದ್ದರಿಂದ ಆ ಟಿಬೆಟಿಯನ್ ಅಜ್ಜನದೂ ಇಲ್ಲ. ಸೈನಿಕ ಹುಳು ಸುಳಿಯನ್ನೇ ತಿಂದು ಹಾಕಿದ ವರ್ಷವೂ ಪರಿಹಾರ ಇಬ್ಬರಲ್ಲಿ ಯಾರ ಖಾತೆಗೂ ಬರುವುದಿಲ್ಲ.

ಕೇಂದ್ರ ಸರ್ಕಾರ 2014ರಲ್ಲಿ ಟಿಬೆಟಿಯನ್ ಪುನರ್ವಸತಿ ನೀತಿ ತಂದಿತು. ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ, ಪಡಿತರ, ನರೇಗಾ, ವಸತಿ ಯೋಜನೆಗಳನ್ನು ಇವರಿಗೂ ವಿಸ್ತರಿಸಿ ಎಂದು ರಾಜ್ಯಗಳಿಗೆ ಹೇಳಿತು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಅದನ್ನು ನಾಡಕಚೇರಿಯಲ್ಲಿ ಯಾವ ಗುಮಾಸ್ತ, ಯಾವ ಅರ್ಜಿಯಲ್ಲಿ ಜಾರಿ ಮಾಡಬೇಕು ಎಂದು ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ.

ಪೌರತ್ವದ ಚರ್ಚೆ ಬೇರೆ, ಅದು ದೆಹಲಿಯ ಮಾತು. 'ಹೊರಗಿನವರಿಗೆ ಸಹಾಯಧನ ಯಾಕೆ' ಎನ್ನುವವರು ಆ ಜೋಳದ ಹೊಲದಲ್ಲಿ ಕಳೆ ತೆಗೆಯುವವರು ಯಾವ ಊರಿನವರು ಎಂದು ಒಮ್ಮೆ ಬಂದು ನೋಡಲಿ.

ಬೈಲಕುಪ್ಪೆ, ಹುಣಸೂರಿನ ಗುರುಪುರ, ಹನೂರಿನ ಒಡೆಯರಪಾಳ್ಯ, ಮುಂಡಗೋಡು, ಎಲ್ಲ ಶಿಬಿರಗಳಲ್ಲೂ ಗುತ್ತಿಗೆ ಜಮೀನಿಗೆ ಕೃಷಿ ಇಲಾಖೆ ಪ್ರತ್ಯೇಕ ಎಫ್‌ಐಡಿ ಕೊಡಲಿ. ಶಿಬಿರದ ಕಚೇರಿಯ ದೃಢೀಕರಣವಿದ್ದರೆ ಉಳುವವನ ಹೆಸರನ್ನೂ ಒಂದು ಹಂಗಾಮಿಗೆ ಸೇರಿಸಲಿ. ಬಿತ್ತನೆಗೆ ಮೊದಲೇ ಆದೇಶ ಹೊರಬಿದ್ದರೆ ಈ ಸಲದ ಬೆಳೆ ಸಮೀಕ್ಷೆಯಲ್ಲೇ ಆ ಹೊಲಗಳು ದಾಖಲಾಗುತ್ತವೆ.

– ಒಬ್ಬ ರೈತ, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ